ಮಕ್ಕಳು ಕಣ್ತೆರೆದ ಮೇಲೆ

ಮಕ್ಕಳ ಶಿಕ್ಷಣದ ಕುರಿತ ಚರ್ಚೆಗಳಲ್ಲಿ ಇತ್ತೀಚೆಗೆ ಎರಡು ಮಾತುಗಳು ಜೊತೆಜೊತೆಯಾಗಿ ಕೇಳಿಬರುತ್ತಿವೆ. ಒಂದು ಮೈಂಡ್‌ಫುಲ್‌ನೆಸ್, ಇನ್ನೊಂದು ಸಾಮಾಜಿಕ ಮತ್ತು ಭಾವನಾತ್ಮಕ ಕಲಿಕೆ. ಮೊದಲನೆಯದಕ್ಕೆ ಕನ್ನಡದಲ್ಲಿ ಹೊಸ ಪದ ಕಟ್ಟುವ ಅಗತ್ಯವಿಲ್ಲವೆಂದು ನಮಗೆ ತೋರುತ್ತದೆ. ಅವಧಾನ ಎಂಬ ಪದ ನಮ್ಮಲ್ಲಿದೆ. ಅವಧಾನದಿಂದ ಕೂಡಿರುವುದೇ ಸಾವಧಾನ. ಈಗ ನಾವದನ್ನು ‘ನಿಧಾನ’ ಎಂಬರ್ಥದಲ್ಲಿ ಮಾತ್ರ ಬಳಸುತ್ತಿರುವುದು ಕಾಲದ ಮಹಿಮೆ.

1979ರಲ್ಲಿ ಅಮೆರಿಕದ ಜಾನ್ ಕಬತ್ ಝಿನ್ ಎಂಬವರು ಮೆಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರದಲ್ಲಿ, ದೀರ್ಘಕಾಲದ ನೋವಿನಿಂದ ಬಳಲುತ್ತಿದ್ದ ರೋಗಿಗಳಿಗಾಗಿ ಅಭ್ಯಾಸವೊಂದನ್ನು ಆರಂಭಿಸಿದರು. ಬೌದ್ಧ ಧ್ಯಾನದಿಂದ ಪಡೆದುದನ್ನು ಅವರು ಧಾರ್ಮಿಕ ಆವರಣವಿಲ್ಲದೆ ಆಸ್ಪತ್ರೆಗೆ ತಂದರು. ಅದು ಮುಂದೆ ಶಾಲೆಗಳನ್ನೂ ಪ್ರವೇಶಿಸಿತು. ಎರಡನೆಯದರ ಕಥೆ ಬೇರೆ. 1994ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಕ್ಯಾಸೆಲ್ ಸಂಸ್ಥೆಯು ತನ್ನನ್ನು ಅರಿಯುವುದು, ತನ್ನನ್ನು ನಿಭಾಯಿಸಿಕೊಳ್ಳುವುದು, ಇತರರನ್ನು ಅರಿಯುವುದು, ಸಂಬಂಧಗಳನ್ನು ಕಾಪಾಡುವುದು, ಹೊಣೆಯರಿತು ನಿರ್ಧರಿಸುವುದು ಎಂಬ ಐದನ್ನು ಗಣಿತ, ವಿಜ್ಞಾನಗಳಂತೆಯೇ ಕಲಿಸಬೇಕೆಂದಿತು. ನಮ್ಮ ದೇಶದಲ್ಲಿ ದೆಹಲಿ ಸರಕಾರವು 2018ರ ಜುಲೈಯಲ್ಲಿ ದಲಾಯಿ ಲಾಮಾರ ಸಮ್ಮುಖದಲ್ಲಿ ‘ಹ್ಯಾಪಿನೆಸ್ ಪಠ್ಯಕ್ರಮ’ವನ್ನು ಆರಂಭಿಸಿತು. ನರ್ಸರಿಯಿಂದ ಎಂಟನೆಯ ತರಗತಿಯವರೆಗೆ ಒಂದು ಪ್ರತ್ಯೇಕ ಅವಧಿಯಿತ್ತು. ಮೊದಲು ಕೆಲವು ನಿಮಿಷ ಮೌನ, ಬಳಿಕ ಕಥೆ, ಚಟುವಟಿಕೆ, ಮಾತುಕತೆ. ಪರೀಕ್ಷೆಯಿರಲಿಲ್ಲ. ಅವಧಾನವನ್ನೂ ಭಾವನೆಯ ಕಲಿಕೆಯನ್ನೂ ಒಂದೇ ಹಾಸಿನ ಮೇಲೆ ಕೂರಿಸಿದ ಪ್ರಯತ್ನವಿದು.

ಇದನ್ನು ಓದಿದಾಗ ನಮ್ಮವರಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಏಳುತ್ತದೆ. ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎನ್ನುವುದು ಒಂದು. ‘ಇದು ನಮ್ಮದಲ್ಲ’ ಎನ್ನುವುದು ಇನ್ನೊಂದು. ಎರಡೂ ಅವಸರದ ಮಾತುಗಳೇ. ನಮಾಝ್‌ನಲ್ಲಿ ಒಂದು ಭಂಗಿಯಿಂದ ಇನ್ನೊಂದಕ್ಕೆ ಹಾರದೆ, ಪ್ರತಿ ಅಂಗವೂ ತನ್ನ ಸ್ಥಾನದಲ್ಲಿ ನೆಲೆಗೊಳ್ಳುವವರೆಗೆ ನಿಲ್ಲಬೇಕೆಂಬ ನಿಯಮವನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಆತುರಾತುರವಾಗಿ ನಮಾಝ್ ಮುಗಿಸಿದ ವ್ಯಕ್ತಿಯನ್ನು ಪ್ರವಾದಿವರ್ಯರು(ಸ) ಮರಳಿ ನಮಾಝ್ ಮಾಡುವಂತೆ ಕಳುಹಿಸಿದ ಪ್ರಸಂಗ ಎಲ್ಲರಿಗೂ ತಿಳಿದದ್ದೇ. ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ಮುರಾಖಬ ಮತ್ತು ಮುಹಾಸಬಗಳಿಗೆ, ಅಂದರೆ ಮನಸ್ಸಿನ ಕಾವಲು ಮತ್ತು ಅದರ ಲೆಕ್ಕ ಪರಿಶೋಧನೆಗೆ, ಒಂದು ಭಾಗವನ್ನೇ ಮೀಸಲಿಟ್ಟಿದ್ದಾರೆ. ಆದರೆ ಮುರಾಖಬ ಎಂದರೆ ಅಲ್ಲಾಹನು ನನ್ನನ್ನು ನೋಡುತ್ತಿದ್ದಾನೆ ಎಂಬ ಎಚ್ಚರ. ಮೈಂಡ್‌ಫುಲ್‌ನೆಸ್‌ನಲ್ಲಿ ನೋಡುವವನು ತಾನೇ. ಇವೆರಡೂ ಒಂದೇ ಎಂದು ಹೇಳಿದರೆ ಎರಡಕ್ಕೂ ಅನ್ಯಾಯವಾಗುತ್ತದೆ. ನೆರೆಮನೆಯವರ ಬಾವಿಗೆ ನಮ್ಮ ಹೆಸರು ಬರೆಯಬೇಕಾಗಿಲ್ಲ, ಅದರ ನೀರು ಸಿಹಿಯೆಂದು ಒಪ್ಪಿಕೊಂಡರೆ ಸಾಕು.

ಮದ್ರಸದ ನಮ್ಮ ತರಗತಿಯಲ್ಲಿ ಹತ್ತು ಹನ್ನೊಂದು ವಯಸ್ಸಿನ ಮಕ್ಕಳಿದ್ದಾರೆ. ನಸುಕಿನಲ್ಲೇ ಎದ್ದು ಬರುವವರು, ಇಲ್ಲಿಂದ ಶಾಲೆಯ ಬಸ್ಸಿಗೆ ಓಡುವವರು. ಹೇಗಿದ್ದೀ ಎಂದು ಕೇಳಿದರೆ ಹೆಚ್ಚಿನವರದು ಎರಡೇ ಉತ್ತರ: ‘ಖುಷಿ’, ಇಲ್ಲವೇ ‘ಬೇಜಾರು’. ಈ ‘ಬೇಜಾರು’ ಪಾರ್ಸಿಯಿಂದ ಬಂದು ಕನ್ನಡದ ಮನೆಮಗಳಾದ ಪದ. ಪಾಪ, ಅದು ಹೊರುವ ಹೊರೆ ದೊಡ್ಡದು. ಪಾಠ ರುಚಿಸದಿದ್ದರೂ ಬೇಜಾರು, ಅಜ್ಜಿ ತೀರಿಕೊಂಡರೂ ಬೇಜಾರು, ಗೆಳೆಯ ಮಾತು ಬಿಟ್ಟರೂ ಬೇಜಾರು. ಕನ್ನಡವನ್ನು ಪದವಿಗೆ ಓದಿದ ನಮಗೆ ಇದು ಮೊದಲು ಭಾಷೆಯ ಬಡತನವಾಗಿ ಕಂಡಿತು. ಹಲಗೆಯ ಮೇಲೆ ವಾರಕ್ಕೊಂದು ಪದ ಬರೆಯತೊಡಗಿದೆವು. ಅಳುಕು, ಮುನಿಸು, ಕೊರಗು, ಅಸೂಯೆ, ಅವಮಾನ, ಹಂಬಲ. ಪ್ರತಿಯೊಂದೂ ದೇಹದಲ್ಲಿ ಎಲ್ಲಿ ತಿಳಿಯುತ್ತದೆ ಎಂದು ಮಕ್ಕಳೇ ಹೇಳಬೇಕು. ಅಳುಕು ಹೊಟ್ಟೆಯಲ್ಲಿ ಎಂದರು. ಅವಮಾನ ಕಿವಿಯಲ್ಲಿ ಎಂದಳು ಒಬ್ಬಳು. ಕಿವಿ ಬಿಸಿಯಾಗುತ್ತದಂತೆ. ಪಾಠಕ್ಕೆ ಮುಂಚಿನ ಮೂರು ನಿಮಿಷ ಸುಮ್ಮನೆ ಕುಳಿತು ಉಸಿರನ್ನು ಗಮನಿಸದಿದ್ದರೆ ಈ ಉತ್ತರಗಳು ಬರುತ್ತಿರಲಿಲ್ಲ. ಪದಗಳಿಲ್ಲದಿದ್ದರೆ ಆ ಮೂರು ನಿಮಿಷಗಳು ಬರೀ ನಿದ್ದೆಯಾಗುತ್ತಿದ್ದವು.

ಒಂದು ದಿನ ಹುಡುಗನೊಬ್ಬ ತನ್ನ ಪಕ್ಕದವನ ಮುಖಕ್ಕೆ ಬಾರಿಸಿದ. ತಂದೆ ಗಲ್ಫ್‌ನಲ್ಲಿರುವ ಹುಡುಗ, ಮೂರು ವರ್ಷಗಳಿಂದ ಊರಿಗೆ ಬಂದಿರಲಿಲ್ಲ. ಇಬ್ಬರನ್ನೂ ವುಝೂ ಮಾಡಿಬರಲು ಕಳುಹಿಸಿದೆವು. ಕೋಪ ಬಂದಾಗ ನಿಂತವನು ಕುಳಿತುಕೊಳ್ಳಲಿ, ಹೋಗದಿದ್ದರೆ ಮಲಗಲಿ ಎಂಬ ಪ್ರವಾದಿವರ್ಯರ(ಸ) ಸಲಹೆ ಅವರಿಗೆ ಗೊತ್ತಿತ್ತು, ಆದ್ದರಿಂದ ತಾವಾಗಿಯೇ ಕುಳಿತರು. ಬಹಳ ಹೊತ್ತಿನ ಬಳಿಕ ಹೊಡೆದವನು, “ಬೇಜಾರಲ್ಲ ಉಸ್ತಾದ್, ಅವಮಾನ” ಎಂದ. ‘ನಿನ್ನ ಅಪ್ಪ ಇನ್ನು ಬರುವುದೇ ಇಲ್ಲ’ ಎಂದು ಪಕ್ಕದವನು ಹಲವು ದಿನಗಳಿಂದ ಎಲ್ಲರ ಮುಂದೆ ಹೇಳಿ ನಗಿಸುತ್ತಿದ್ದನಂತೆ.

ಅವಧಾನವನ್ನು ಮಾತ್ರ ಕಲಿಸುವ ತರಗತಿಯಾಗಿದ್ದರೆ ಕಥೆ ವುಝೂವಿನಲ್ಲಿಯೇ ಮುಗಿಯುತ್ತಿತ್ತು. ಹೊಡೆದವನು ಶಾಂತನಾದ, ತರಗತಿ ಮೌನವಾಯಿತು, ಪಾಠ ಸಾಗಿತು. ನಮಗೆ ಭಯವಿರುವುದು ಇಲ್ಲಿಯೇ. ನೊಂದ ಮಗುವಿಗೆ ದೀರ್ಘವಾಗಿ ಉಸಿರಾಡಲು ಕಲಿಸಿ, ನೋಯಿಸಿದವನನ್ನು ಹಾಗೆಯೇ ಬಿಟ್ಟರೆ ನಾವು ಕಲಿಸುತ್ತಿರುವುದು ಸಹನೆಯನ್ನಲ್ಲ, ಅನ್ಯಾಯಕ್ಕೆ ಹೊಂದಿಕೊಳ್ಳುವುದನ್ನು. ಸಬ್ರ್ ಎಂಬ ಮಹತ್ತರ ಪದವನ್ನು ಹಿರಿಯರು ಎಷ್ಟೋ ಬಾರಿ ಮಕ್ಕಳ ಬಾಯಿ ಮುಚ್ಚಿಸಲು ಬಳಸುವುದುಂಟು. ಅಂದು ಪಾಠ ನಿಂತಿತು. ಹೊಡೆದದ್ದಕ್ಕೆ ಒಬ್ಬ, ಆಡಿದ ಮಾತಿಗೆ ಇನ್ನೊಬ್ಬ, ಪ್ರತ್ಯೇಕವಾಗಿ ಕ್ಷಮೆ ಕೇಳಿದರು. ನಕ್ಕವರನ್ನೂ ಎಬ್ಬಿಸಿ ನಿಲ್ಲಿಸಿ, ನಗುವೂ ಒಂದು ಕೃತ್ಯವೆಂದು ತಿಳಿಸಿದೆವು. ಹುಡುಗ ಕ್ಷಮಿಸಿದನೇ? ಇನ್ನೂ ಇಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂರುವುದಿಲ್ಲ. ಕ್ಷಮೆಗೆ ಗಡುವು ವಿಧಿಸುವ ಅಧಿಕಾರ ಉಸ್ತಾದರಿಗಿಲ್ಲವೆಂದು ನಾವು ಒತ್ತಾಯಿಸಿಲ್ಲ.

ಸತ್ತ ಪುಟ್ಟ ಹಕ್ಕಿಗಾಗಿ ಮಂಕಾಗಿ ಕುಳಿತಿದ್ದ ಬಾಲಕ ಅಬೂ ಉಮೈರ್‌ನ ಬಳಿ ಪ್ರವಾದಿವರ್ಯರು(ಸ) ಹಕ್ಕಿಯ ವಿಚಾರವನ್ನೇ ಕೇಳಿದ್ದರು. ಒಂದು ಸಮುದಾಯದ ಭಾರ ಹೊತ್ತವರಿಗೆ ಒಂದು ಹಕ್ಕಿಯ ಸಾವಿನ ಬಗ್ಗೆ ಕೇಳಲು ಬಿಡುವಿತ್ತು. ಮಗುವಿನ ದುಃಖ ಚಿಕ್ಕದೆಂದು ಅವರು ಅಳೆಯಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಸಂಶೋಧನೆಯ ಮಾತನ್ನೂ ಮರೆಮಾಚಬಾರದು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಾಲ್ಕು ಮತ್ತು ಐದನೆಯ ತರಗತಿಯ 99 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಆಶಾದಾಯಕವಾಗಿತ್ತು. ಅವಧಾನವನ್ನು ಭಾವನೆಯ ಪಾಠದೊಂದಿಗೆ ಬೆರೆಸಿ ಕಲಿತ ಮಕ್ಕಳಲ್ಲಿ ಗಮನವೂ ಪರಾನುಭೂತಿಯೂ ಹೆಚ್ಚಿದ್ದವು. ಆದರೆ ಬ್ರಿಟನ್ನಿನಲ್ಲಿ 80ಕ್ಕೂ ಹೆಚ್ಚು ಶಾಲೆಗಳ, 8,000ಕ್ಕೂ ಹೆಚ್ಚು ಹದಿಹರೆಯದ ಮಕ್ಕಳೊಂದಿಗೆ ನಡೆದ ‘ಮಿರಿಯಡ್’ ಪ್ರಯೋಗದ ಫಲಿತಾಂಶ 2022ರಲ್ಲಿ ಹೊರಬಂದಾಗ ಉತ್ಸಾಹಿಗಳಿಗೆ ನಿರಾಸೆಯಾಯಿತು. ಮಾಮೂಲಿ ಭಾವನಾತ್ಮಕ ಶಿಕ್ಷಣಕ್ಕಿಂತ ಮೈಂಡ್‌ಫುಲ್‌ನೆಸ್ ತರಬೇತಿ ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಹೆಚ್ಚಿನದೇನನ್ನೂ ಕೊಡಲಿಲ್ಲ. ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಕುತೂಹಲದ ಸಂಗತಿಯೆಂದರೆ ಸ್ವಲ್ಪ ಕಾಲವಾದರೂ ಲಾಭ ಪಡೆದವರು ಶಿಕ್ಷಕರು. ಅವರ ಬಳಲಿಕೆ ತಗ್ಗಿತ್ತು.

ಹದಿನಾಲ್ಕರ ಹುಡುಗನಿಗೆ ಪಾಠದ ಪುಸ್ತಕದಿಂದ ಉಸಿರಾಟ ಕಲಿಸಿದರೆ ಅವನು ಕಿಟಕಿಯಾಚೆ ನೋಡುತ್ತಾನೆ, ಇದಕ್ಕೆ ಪ್ರಯೋಗ ಬೇಕಾಗಿರಲಿಲ್ಲ ಎಂದು ನಮ್ಮೊಳಗಿನ ಮೇಷ್ಟ್ರು ಗೊಣಗುತ್ತಾನೆ. ಎಳೆಯ ಮಕ್ಕಳ ವಿಷಯ ಬೇರೆಯಿರಬಹುದು. ಆದರೂ ಮೂರು ನಿಮಿಷದ ಮೌನದಿಂದ ಖಿನ್ನತೆ ದೂರವಾಗುತ್ತದೆ ಎಂದು ಹೆತ್ತವರಿಗೆ ಭರವಸೆ ಕೊಡುವ ಧೈರ್ಯ ನಮಗಿಲ್ಲ. ನಿಜವಾಗಿ ಕುಗ್ಗಿಹೋದ ಮಗುವನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕೆಂದು ಅಂಥ ಮನೆಗಳಿಗೆ ಹೋಗಿಯೇ ಹೇಳುತ್ತೇವೆ.

“ಇದು ಯೋಗವಲ್ಲವೇ ಉಸ್ತಾದ್?” ಎಂದು ಹೆತ್ತವರ ಸಭೆಯಲ್ಲಿ ಒಬ್ಬರು ಕೇಳಿದರು. ಮಂತ್ರವಿಲ್ಲ, ಆಸನವಿಲ್ಲ, ಪಾಠಕ್ಕೆ ಮುಂಚೆ ಮಕ್ಕಳು ಸುಮ್ಮನೆ ಕೂರುತ್ತಾರೆ, ಬಂದು ನೋಡಿ ಎಂದೆವು. ಅವರು ಬಂದರು. ಹಿಂದಿನ ಸಾಲಿನಲ್ಲಿ ಮೂರು ನಿಮಿಷ ಕುಳಿತರು, ಅಷ್ಟರಲ್ಲಿ ಎರಡು ಸಲ ಮೊಬೈಲ್ ತೆಗೆದು ನೋಡಿದರು. ಮಕ್ಕಳು ನಗಲಿಲ್ಲ ಎಂಬುದು ನಮಗೆ ಹೆಮ್ಮೆ.

ಕಳೆದ ತಿಂಗಳು ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿದ್ದಿ, ನಿದ್ದೆಗೆಟ್ಟು ತರಗತಿಗೆ ಬಂದಿದ್ದೆವು. ‘ಇವತ್ತು ಉಸ್ತಾದರಿಗೆ ಬೇಜಾರು’ ಎಂದು ಯಾರೋ ಪಿಸುಗುಟ್ಟಿದರು. ಕಿವಿ ಬಿಸಿಯಾಗುತ್ತದೆ ಎಂದಿದ್ದ ಹುಡುಗಿ ತಿದ್ದಿದಳು: “ಬೇಜಾರಲ್ಲ, ಆಯಾಸ.” ಹೌದೆಂದು ಒಪ್ಪಿಕೊಂಡು ಕುರ್ಚಿಯಲ್ಲಿ ಕುಳಿತೆವು. ಅಂದಿನ ಪಾಠವನ್ನು ಅವಳೇ ಓದಿದಳು.