ಮರ್ಯಾದೆ ಬೇರೆ, ಮನ್ನಣೆ ಬೇರೆ

ಬರುವ ತಿಥಿ ಗೊತ್ತಿಲ್ಲದವನು ಅತಿಥಿ ಎಂದು ಹಳಬರು ಅರ್ಥ ಹೇಳುತ್ತಾರೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರದ್ದು ಹೋಗುವ ತಿಥಿ ಗೊತ್ತಿಲ್ಲದ ಕೆಲಸ. ಶೈಕ್ಷಣಿಕ ವರ್ಷ ಮುಗಿದರೆ ಕೆಲಸವೂ ಮುಗಿಯಿತು. ಮುಂದಿನ ವರ್ಷ ಮತ್ತೆ ಅರ್ಜಿ, ಮತ್ತೆ ಕೌನ್ಸೆಲಿಂಗ್. ಮನೆಗೆ ಬಂದ ಅತಿಥಿಗೆ ಕಾಲಿಗೆ ನೀರು ಕೊಟ್ಟು ಕೂರಿಸುವ ನಾಡಿನಲ್ಲಿ, ಹತ್ತು ಹದಿನೈದು ವರ್ಷ ಮನೆಯ ಅರ್ಧಕ್ಕಿಂತ ಹೆಚ್ಚು ಕೆಲಸ ಮಾಡುವವರಿಗೂ ಅತಿಥಿ ಎಂದೇ ಹೆಸರಿಟ್ಟಿದ್ದೇವೆ.

ನನ್ನ ಪಿಎಚ್‌.ಡಿ. ಸಂಶೋಧನೆ ಇವರ ಸ್ಥಾನಮಾನದ ಬಗ್ಗೆ. ವಿಷಯವನ್ನು ನಾನು ಪುಸ್ತಕದಿಂದ ಎತ್ತಿಕೊಂಡದ್ದಲ್ಲ. ಎಂ.ಎ. ಮುಗಿಸಿದ ಮೇಲೆ ಎರಡು ವರ್ಷ ನಾನೂ ಅತಿಥಿ ಉಪನ್ಯಾಸಕಿಯಾಗಿದ್ದೆ. ಆ ಕಾಲೇಜಿನ ಗೋಡೆಯ ವೇಳಾಪಟ್ಟಿಯಲ್ಲಿ ಕಾಯಂ ಅಧ್ಯಾಪಕರ ಪೀರಿಯಡ್ಡುಗಳ ಎದುರು ಅವರ ಹೆಸರಿನ ಮೊದಲ ಅಕ್ಷರಗಳಿದ್ದವು. ನಮ್ಮ ಪೀರಿಯಡ್ಡುಗಳ ಎದುರು ಜಿ.ಎಲ್. 1, ಜಿ.ಎಲ್. 2 ಎಂದಿತ್ತು. ನಾನು ಜಿ.ಎಲ್. 4. ಗೆಸ್ಟ್ ಲೆಕ್ಚರರ್ ಬದಲಾದರೂ ಪಟ್ಟಿಯನ್ನು ಮತ್ತೆ ಬರೆಯುವ ತಾಪತ್ರಯ ಇರಬಾರದಲ್ಲ, ಅದಕ್ಕೆ.

ಹಣದ ಲೆಕ್ಕ ಹೇಳಿಬಿಡುತ್ತೇನೆ. 2022ರ ಜನವರಿಯವರೆಗೆ ಇವರ ಗೌರವಧನ ತಿಂಗಳಿಗೆ 11,000 ರೂಪಾಯಿ. ನೆಟ್, ಸೆಟ್, ಪಿಎಚ್‌.ಡಿ.ಯಂಥ ಅರ್ಹತೆ ಇದ್ದವರಿಗೆ 13,000. ದೊಡ್ಡ ಹೋರಾಟ ನಡೆದ ಮೇಲೆ ಅದು ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ 26,000ದಿಂದ 32,000ಕ್ಕೆ ಏರಿತು. ಜೊತೆಗೆ ವಾರದ ಪಾಠದ ಅವಧಿಯೂ 15 ಗಂಟೆಗೆ ಏರಿತು. ಇಬ್ಬರು ಹಂಚಿಕೊಳ್ಳುತ್ತಿದ್ದ ಪಾಠ ಒಬ್ಬರಿಗೇ ಸಾಕಾಯಿತು. ಏರಿಕೆಯ ಸುದ್ದಿ ಕೇಳಿ ಸಿಹಿ ಹಂಚಿದವರಲ್ಲಿ ಕೆಲವರು ಮುಂದಿನ ಪಟ್ಟಿಯಲ್ಲಿ ಇರಲಿಲ್ಲ.

ಅತ್ತ ಯುಜಿಸಿ 2023ರ ಜನವರಿಯಿಂದ ಜಾರಿಗೆ ಬರುವಂತೆ ಜೆಆರ್‌ಎಫ್ ಮೊತ್ತವನ್ನು 31,000ದಿಂದ 37,000ಕ್ಕೆ ಏರಿಸಿತು. ಎರಡು ವರ್ಷ ಕಳೆದು ಎಸ್‌ಆರ್‌ಎಫ್ ಆದವರಿಗೆ 42,000. ಒಂದು ಪರೀಕ್ಷೆ ಪಾಸಾದ ನಾನು, ಹದಿನಾಲ್ಕು ವರ್ಷ ಪಾಠ ಹೇಳಿದವರ ಬಡತನವನ್ನು ಅಧ್ಯಯನ ಮಾಡಲು, ಅವರಿಗಿಂತ ಹೆಚ್ಚು ಹಣ ಪಡೆಯುತ್ತೇನೆ. ಕ್ಷೇತ್ರಕಾರ್ಯಕ್ಕೆ ಹೋದಾಗ ಮೊದಲ ದಿನವೇ ಯಾರಾದರೊಬ್ಬರು ‘ಫೆಲೋಶಿಪ್ ಎಷ್ಟು ಬರುತ್ತೆ?’ ಎಂದು ಕೇಳುತ್ತಾರೆ. ನಾನು ಹೇಳುತ್ತೇನೆ. ಕೋಣೆಯಲ್ಲಿ ಒಂದು ಕ್ಷಣ ಯಾರೂ ಮಾತಾಡುವುದಿಲ್ಲ.

ಆದರೆ ಅಸಮಾನತೆ ಎಂದರೆ ಹಣವಷ್ಟೇ ಅಲ್ಲ. ಸೆಸಿಲಿಯಾ ರಿಜ್‌ವೇ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ 2013ರಲ್ಲಿ ಅಲ್ಲಿನ ಸಮಾಜಶಾಸ್ತ್ರ ಸಂಘದ ಅಧ್ಯಕ್ಷೀಯ ಭಾಷಣದಲ್ಲಿ ಇದನ್ನೇ ವಾದಿಸಿದರು. ಹಣ, ಅಧಿಕಾರಗಳ ಹಾಗೆ ಅಂತಸ್ತು ಕೂಡ ತನ್ನಷ್ಟಕ್ಕೇ ಅಸಮಾನತೆಯನ್ನು ಹುಟ್ಟಿಸುತ್ತದೆ ಎಂಬುದು ಅವರ ಮಾತಿನ ತಿರುಳು. ಯಾರು ಹೆಚ್ಚು ಬಲ್ಲವರು ಎಂದು ನಾವು ಮೊದಲೇ ನಂಬಿಬಿಟ್ಟಿರುತ್ತೇವೋ ಅವರ ಮಾತು ತೂಕದ್ದಾಗಿ ಕೇಳಿಸುತ್ತದೆ. ಅವರಿಗೆ ಇನ್ನಷ್ಟು ಅವಕಾಶ ಸಿಗುತ್ತದೆ. ಆಮೇಲೆ ಆ ಅವಕಾಶವೇ ಅವರ ಯೋಗ್ಯತೆಗೆ ಸಾಕ್ಷಿಯಾಗುತ್ತದೆ.

ವಿದ್ವತ್ ಲೋಕದಲ್ಲಿ ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ರಾಬರ್ಟ್ ಮರ್ಟನ್ 1968ರಲ್ಲಿ ಒಂದು ಹೆಸರು ಕೊಟ್ಟರು, ಮ್ಯಾಥ್ಯೂ ಪರಿಣಾಮ. ಇದ್ದವರಿಗೇ ಇನ್ನಷ್ಟು ಸೇರುತ್ತದೆ ಎಂಬ ಅರ್ಥದ ಮಾತು ಬೈಬಲ್ಲಿನ ಮತ್ತಾಯನ ಸುವಾರ್ತೆಯಲ್ಲಿದೆ. ಹೆಸರು ಬಂದದ್ದು ಅಲ್ಲಿಂದ. ಪ್ರಸಿದ್ಧರೂ ಅಪ್ರಸಿದ್ಧರೂ ಸೇರಿ ಮಾಡಿದ ಕೆಲಸದ ಶ್ರೇಯಸ್ಸು ಪ್ರಸಿದ್ಧರ ಖಾತೆಗೇ ಜಮೆಯಾಗುತ್ತದೆ ಎಂದು ಮರ್ಟನ್ ತೋರಿಸಿದರು. ಈ ಲೇಖನದ ಆಧಾರ ಬಹುಮಟ್ಟಿಗೆ ನೊಬೆಲ್ ಪುರಸ್ಕೃತರ ಸಂದರ್ಶನಗಳು. ಆ ಸಂದರ್ಶನಗಳನ್ನು ಮಾಡಿದವರು ಹ್ಯಾರಿಯೆಟ್ ಜುಕರ್‌ಮನ್, ತಮ್ಮ ಡಾಕ್ಟರೇಟ್ ಅಧ್ಯಯನಕ್ಕಾಗಿ. ಲೇಖನದ ಮೇಲೆ ಮಾತ್ರ ಮರ್ಟನ್ ಒಬ್ಬರದೇ ಹೆಸರು. ಅದು ಜಂಟಿ ಲೇಖನವಾಗಿ ಬರಬೇಕಿತ್ತು ಎಂದು ವರ್ಷಗಳ ನಂತರ ಮರ್ಟನ್ನರೇ ಬರೆದರು. ಶ್ರೇಯಸ್ಸು ಹೇಗೆ ತಪ್ಪಿ ಹೋಗುತ್ತದೆ ಎಂದು ಹೇಳುವ ಲೇಖನದಲ್ಲೇ ಶ್ರೇಯಸ್ಸು ತಪ್ಪಿಹೋಗಿತ್ತು. ಇತಿಹಾಸಕಾರ್ತಿ ಮಾರ್ಗರೆಟ್ ರಾಸಿಟರ್ 1993ರಲ್ಲಿ, ಮಹಿಳಾ ವಿಜ್ಞಾನಿಗಳ ಕೆಲಸ ಹೀಗೆ ಮರೆಯಾಗುವುದಕ್ಕೆ ಮಟಿಲ್ಡಾ ಪರಿಣಾಮ ಎಂದು ಹೆಸರಿಟ್ಟರು. ಹತ್ತೊಂಬತ್ತನೇ ಶತಮಾನದಲ್ಲೇ ಈ ಬಗ್ಗೆ ಬರೆದಿದ್ದ ಮಟಿಲ್ಡಾ ಗೇಜ್ ಅವರ ನೆನಪಿಗೆ.

ಇವನ್ನೆಲ್ಲ ನಾನು ಲೈಬ್ರರಿಯಲ್ಲಿ ಕೂತು ಓದಿದೆ, ಟಿಪ್ಪಣಿ ಮಾಡಿಕೊಂಡೆ. ಆಮೇಲೆ ಒಬ್ಬ ಮೇಡಂ ಸಿಕ್ಕರು.

ಅವರು ಇತಿಹಾಸ ಪಾಠ ಮಾಡುತ್ತಾರೆ. ಹದಿನಾಲ್ಕು ವರ್ಷದ ಅನುಭವ, ಕೆ-ಸೆಟ್ ಪಾಸಾಗಿದ್ದಾರೆ, ಎರಡು ಬಸ್ಸು ಬದಲಿಸಿ ಕಾಲೇಜಿಗೆ ಬರುತ್ತಾರೆ. ಮಧ್ಯಾಹ್ನದ ಬುತ್ತಿ ಬಿಚ್ಚಿಕೊಂಡು ಮಾತಾಡುತ್ತಿದ್ದಾಗ ‘ನಿಮಗೆ ಇಲ್ಲಿ ಗೌರವ ಸಿಗುತ್ತಾ?’ ಎಂದು ನನ್ನ ಪ್ರಶ್ನಾವಳಿಯಲ್ಲಿದ್ದ ಪ್ರಶ್ನೆ ಕೇಳಿದೆ. ಅವರು ಪ್ರಶ್ನೆಯನ್ನೇ ಎರಡು ತುಂಡು ಮಾಡಿದರು.

‘ನೋಡಮ್ಮಾ, ಮರ್ಯಾದೆ ಬೇರೆ, ಮನ್ನಣೆ ಬೇರೆ. ಮರ್ಯಾದೆ ನಂಗೆ ಬೇಕಾದಷ್ಟಿದೆ. ಬಸ್ಸಲ್ಲಿ ಹುಡುಗ್ರು ಎದ್ದು ಸೀಟು ಬಿಡ್ತಾರೆ. ಸಂತೇಲಿ ಸೊಪ್ಪಿನೋಳು, ನನ್ ಮಗಳಿಗೆ ಪಾಠ ಹೇಳಿದ ಮೇಡಮ್ಮು ಅಂತ ಒಂದು ಕಟ್ಟು ಜಾಸ್ತಿ ಹಾಕ್ತಾಳೆ. ಅದು ಜನ ಕೊಡೋದು. ಮನ್ನಣೆ ಅಂದ್ರೆ ಕಾಗದದ ಮೇಲೆ ಇರೋದು. ನಾಳೆ ನಾನಿಲ್ದೇ ಇದ್ರೂ ತೆಗೆದು ತೋರ್ಸೋಕೆ ಬರ್ಬೇಕು. ಹದಿನಾಲ್ಕು ವರ್ಷಕ್ಕೆ ನನ್ನ ಹತ್ರ ಅಂಥದ್ದು ಏನಿದೆ ಹೇಳು?’

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದರು. ‘ಮರ್ಯಾದೆ ಇದೆಯಲ್ಲ ಅಂತ ತೋರ್ಸೇ ಮನ್ನಣೆ ತಪ್ಪಿಸ್ತಾರೆ. ಸಂಬಳ ಕೇಳಿದ್ರೆ, ನಿಮ್ಮದು ಪವಿತ್ರವಾದ ವೃತ್ತಿ ಮೇಡಂ ಅಂತಾರೆ.’

ಅಲ್ಲಿಯವರೆಗೆ ನನ್ನ ಪ್ರಬಂಧದ ಮೂರನೇ ಅಧ್ಯಾಯಕ್ಕೆ ಬೆನ್ನೆಲುಬು ಇರಲಿಲ್ಲ. ನಲವತ್ತಕ್ಕೂ ಹೆಚ್ಚು ಸಂದರ್ಶನಗಳಿದ್ದವು, ಅವನ್ನು ಹಿಡಿದು ನಿಲ್ಲಿಸುವ ವಿಚಾರ ಇರಲಿಲ್ಲ. ಅವರ ಎರಡು ವಾಕ್ಯ ಅದನ್ನು ಕೊಟ್ಟವು. ಮರ್ಯಾದೆ ಮನ್ನಣೆಗೆ ಮೆಟ್ಟಿಲಾಗುವ ಬದಲು ಅದಕ್ಕೆ ಬದಲಿಯಾಗಿ ಬಳಕೆಯಾಗುತ್ತದೆ ಎಂಬುದನ್ನು ನಾನು ಓದಿದ ಯಾವ ಸಿದ್ಧಾಂತವೂ ನನಗೆ ಇಷ್ಟು ನೇರವಾಗಿ ಹೇಳಿರಲಿಲ್ಲ. ‘ಗೌರವಧನ’ ಎಂಬ ಪದವನ್ನೇ ನೋಡಿ. ಸಂಬಳ ಎಂದರೆ ಹಕ್ಕು ಎನ್ನಬೇಕಾಗುತ್ತದೆ. ಗೌರವಧನ ಎಂದರೆ ಕೊಟ್ಟವರು ದೊಡ್ಡವರಾಗುತ್ತಾರೆ.

ಸಂದರ್ಶನ ಮುಗಿದ ಮೇಲೆ ಒಪ್ಪಿಗೆಯ ಪತ್ರ ಮುಂದಿಟ್ಟೆ. ನಿಮ್ಮ ಹೆಸರು, ಕಾಲೇಜಿನ ಹೆಸರು ಎಲ್ಲೂ ಬರುವುದಿಲ್ಲ, ‘ಮಾಹಿತಿದಾರರು 17’ ಎಂದು ಬರೆಯುತ್ತೇನೆ ಎಂದು ವಿವರಿಸಿದೆ. ಅವರು ಕನ್ನಡಕ ಏರಿಸಿ ಪೂರ್ತಿ ಓದಿದರು. ‘ಇಲ್ಲೂ ನಂಬರ್ರೇನಾ?’ ಎಂದು ನಕ್ಕು ಸಹಿ ಹಾಕಿದರು.

ಹೆಸರು ಮುಚ್ಚಿಡುವ ನಿಯಮ ಸುಮ್ಮನೆ ಬಂದದ್ದಲ್ಲ. ಸೇವಾ ಪ್ರಮಾಣಪತ್ರಕ್ಕೆ, ಕಾರ್ಯಭಾರದ ಹಂಚಿಕೆಗೆ ಅವರು ಕಾಲೇಜನ್ನೇ ನಂಬಿಕೊಂಡಿರಬೇಕು. ಹೆಸರು ಬಯಲಾಗಿ ಅವರಿಗೆ ಒಂದು ವರ್ಷದ ಕೆಲಸ ತಪ್ಪಿದರೆ ನನ್ನ ಪಿಎಚ್‌.ಡಿ. ಅದನ್ನು ತುಂಬಿಕೊಡಲಾರದು. ಆದರೆ ಅವರ ಅನುಭವವನ್ನು ಕಾಯುವ ಅದೇ ನಿಯಮ ಅವರ ವಿಚಾರವನ್ನು ನನ್ನ ಖಾತೆಗೆ ಹಾಕುತ್ತದೆ. ಮಾಹಿತಿದಾರರು 17 ಎಂಬ ಲೇಖಕಿ ಯಾವ ಗ್ರಂಥಾಲಯದಲ್ಲೂ ಇಲ್ಲ. ಮುಂದೆ ಯಾರಾದರೂ ಈ ವಿಚಾರವನ್ನು ಉಲ್ಲೇಖಿಸಿದರೆ ಕಂಸದೊಳಗೆ ಬರುವುದು ನನ್ನ ಹೆಸರು, ನನ್ನ ಪ್ರಬಂಧದ ಇಸವಿ.

ಒಂದು ವಿಚಾರ ಸಂಕಿರಣದಲ್ಲಿ ಈ ಅಧ್ಯಾಯವನ್ನು ಮಂಡಿಸಿದೆ. ಹಿರಿಯ ಪ್ರಾಧ್ಯಾಪಕರೊಬ್ಬರು ‘ನಿಮ್ಮ ಈ ವಿಂಗಡಣೆ ಬಹಳ ಚೆನ್ನಾಗಿದೆ’ ಎಂದರು. ಅದು ನನ್ನದಲ್ಲ, ಒಬ್ಬ ಅತಿಥಿ ಉಪನ್ಯಾಸಕಿಯದು ಎಂದು ಅಲ್ಲೇ ಹೇಳಿದೆ. ಅವರು ಸಮಾಧಾನ ಮಾಡುವ ಹಾಗೆ ಹೇಳಿದರು: ‘ಅವರು ಹೇಳಿದ್ದು ಡೇಟಾ. ಅದನ್ನು ಸಿದ್ಧಾಂತ ಮಾಡಿದವರು ನೀವು.’

ಅವರ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಆದರೆ ಗೋಪಾಲ್ ಗುರು 2002ರಲ್ಲಿ ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯಲ್ಲಿ ಭಾರತದ ಸಮಾಜ ವಿಜ್ಞಾನಗಳ ಮೇಲೆ ಹೊರಿಸಿದ ಆರೋಪ ಇದೇ. ಇಲ್ಲಿ ಕೆಲವರು ಸಿದ್ಧಾಂತ ಕಟ್ಟುವ ಬ್ರಾಹ್ಮಣರು, ಉಳಿದವರು ಅನುಭವ ಒದಗಿಸುವ ಶೂದ್ರರು ಎಂದು ಜಾತಿಯ ಭಾಷೆಯಲ್ಲೇ ಅವರು ವಿದ್ವತ್ತಿನ ಶ್ರಮ ವಿಭಜನೆಯನ್ನು ತೆರೆದಿಟ್ಟರು. ಆಮೇಲೆ ಅವರೂ ಸುಂದರ್ ಸಾರುಕ್ಕೈ ಅವರೂ ಅನುಭವ ಮತ್ತು ಸಿದ್ಧಾಂತದ ಸಂಬಂಧವನ್ನು ಚರ್ಚಿಸಿ 2012ರಲ್ಲಿ ಒಂದು ಪುಸ್ತಕವನ್ನೇ ತಂದರು. ನಮ್ಮ ಸೆಮಿನಾರುಗಳಲ್ಲಿ ಈ ಇಬ್ಬರ ಹೆಸರೂ ಆಗಾಗ ಕೇಳಿಬರುತ್ತದೆ. ಬೆಳಿಗ್ಗೆ ಅವರನ್ನು ಉಲ್ಲೇಖಿಸಿ, ಮಧ್ಯಾಹ್ನ ‘ಅದು ಡೇಟಾ’ ಎನ್ನುವುದು ನಮಗೆ ಕಷ್ಟವಾಗಿಲ್ಲ.

ನಾನೂ ನನ್ನ ಮಾರ್ಗದರ್ಶಕರೂ ಮಾತಾಡಿ ಒಂದು ದಾರಿ ಹುಡುಕಿದೆವು. ಅವರ ಬದುಕಿನ ವಿವರಗಳೆಲ್ಲ ಮಾಹಿತಿದಾರರು 17ರ ಹೆಸರಲ್ಲೇ ಇರಲಿ. ಮರ್ಯಾದೆ, ಮನ್ನಣೆಗಳ ವಿಚಾರವನ್ನು ಮಾತ್ರ ಅವರು ತಮ್ಮದೇ ಹೆಸರಿನಲ್ಲಿ, ಕಾಲೇಜಿನ ಸುದ್ದಿ ತಾರದೆ, ಒಂದು ಲೇಖನವಾಗಿ ಬರೆದು ಪ್ರಕಟಿಸಲಿ. ಆಗ ನಾನು ಬೇರೆ ಯಾವ ವಿದ್ವಾಂಸರನ್ನು ಉಲ್ಲೇಖಿಸುತ್ತೇನೋ ಹಾಗೆಯೇ ಅವರನ್ನೂ ಹೆಸರು, ಇಸವಿಯೊಂದಿಗೆ ಉಲ್ಲೇಖಿಸಬಹುದು. ಇದರಲ್ಲೂ ಅಪಾಯವಿದೆ. ಲೇಖನವನ್ನೂ ಪ್ರಬಂಧವನ್ನೂ ಪಕ್ಕಪಕ್ಕ ಇಟ್ಟು ಓದುವವರು 17 ಯಾರೆಂದು ಊಹಿಸಿಬಿಡಬಹುದು. ಅದನ್ನು ಅವರಿಗೆ ಬಿಡಿಸಿ ಹೇಳಿದ್ದೇನೆ. ತೀರ್ಮಾನ ಅವರದು.

ಲೇಖನ ಬರೆಯತೊಡಗಿದ್ದಾರೆ. ನಾಲ್ಕು ಪುಟ ಆಗಿದೆಯಂತೆ. ಹೆಸರು ಹಾಕುವ ಬಗ್ಗೆ ಮಾತ್ರ ‘ಈ ಸಲದ ಕೌನ್ಸೆಲಿಂಗ್ ಮುಗೀಲಿ ಕಣಮ್ಮಾ, ಆಮೇಲೆ ಹೇಳ್ತೀನಿ’ ಎಂದಿದ್ದಾರೆ. ಈ ಬರಹವನ್ನು ಫೋನಿನಲ್ಲಿ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಕಳಿಸುತ್ತಿದ್ದೇನೆ. ‘ಸೊಪ್ಪಿನೋಳ ಮಾತು ಇರ್ಲಿ, ತೆಗೀಬೇಡ’ ಎಂದರು.

ಐದು ವರ್ಷಕ್ಕೆ ಫೆಲೋಶಿಪ್ ನಿಲ್ಲುತ್ತದೆ. ನನಗೆ ಉಳಿದಿರುವುದು ನಾಲ್ಕು ತಿಂಗಳು. ಅಷ್ಟರೊಳಗೆ ಕೌನ್ಸೆಲಿಂಗ್ ಮುಗಿಯದಿದ್ದರೆ, ಪ್ರಬಂಧ ಸಲ್ಲಿಸಲು ಕಾಲಾವಕಾಶ ಕೇಳಿ ಅರ್ಜಿ ಬರೆಯುತ್ತೇನೆ. ಮೂರನೇ ಅಧ್ಯಾಯದಲ್ಲಿ ಅವರ ಹೆಸರು ಬರಬೇಕಾದ ಆರು ಜಾಗಗಳನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.