ಕೆಂಚನ ವಿಲಾಯಿತಿ ಪ್ರಯಾಣ

ಮಗಳು ಪರದೇಶಕ್ಕೆ ಹೊರಟಳೆಂದರೆ ಏನೇನು ಕಟ್ಟಿಕೊಡಬೇಕೆಂದು ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಲಸಿನ ಹಪ್ಪಳ, ಸಾರಿನ ಪುಡಿ, ಮಿಡಿ ಉಪ್ಪಿನಕಾಯಿ, ಎರಡು ಹತ್ತಿ ಸೀರೆ - ಕೈ ತಾನಾಗಿಯೇ ಡಬ್ಬಿಗಳ ಕಡೆಗೆ ಹೋಗುತ್ತದೆ. ಆದರೆ ಮಗಳ ಸಂಸಾರದ ಜೊತೆಗೆ ಮನೆಯ ನಾಯಿಯೂ ಹೊರಟು ನಿಂತರೆ? ನಗಬೇಡಿ ಸೋದರಿಯರೇ. ಈಗ ನಮ್ಮ ಕಡೆಯ ಹೆಣ್ಣುಮಕ್ಕಳು ನರ್ಸುಗಳಾಗಿ, ಇಂಜಿನಿಯರುಗಳಾಗಿ ದೂರದೇಶಗಳಿಗೆ ಹೋಗುತ್ತಿದ್ದಾರೆ. ಇಂದು ನಮ್ಮ ಮನೆಯಲ್ಲಿ ನಡೆದದ್ದು ನಾಳೆ ನಿಮ್ಮ ಮನೆಯಲ್ಲೂ ನಡೆದೀತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಅರಂತೋಡು. ಸುಳ್ಯದಿಂದ ಸಂಪಾಜೆಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಹತ್ತಿರದಲ್ಲೇ ಪಯಸ್ವಿನಿ ಹೊಳೆ, ಆಚೆಗೆ ತೊಡಿಕಾನದ ದೇವಸ್ಥಾನ, ಅಲ್ಲಿನ ದೇವರ ಮೀನುಗಳು. ಅಡಿಕೆ ತೋಟದ ನಡುವಿನ ಮನೆಗೆ ನಾಯಿ ಇಲ್ಲದಿದ್ದರೆ ನಡೆಯುವುದಿಲ್ಲ. ಹಗಲು ಮಂಗ, ರಾತ್ರಿ ಕಾಡುಹಂದಿ. ನಮ್ಮ ಬೊಳ್ಳಿಗೆ ಈಗ ಹನ್ನೊಂದು ವರ್ಷ. ಅವಳ ಮರಿಗಳಲ್ಲಿ ನಾವು ಉಳಿಸಿಕೊಂಡದ್ದು ಒಂದನ್ನೇ, ಕೆಂಚನನ್ನು. ಅವನಿಗೂ ನನ್ನ ಮೊಮ್ಮಗನಿಗೂ ಬಿಡಿಸಲಾರದ ನಂಟು. ಅಳಿಯನ ಕೆಲಸ ಹೋದ ಮೇಲೆ ಮಗಳ ಸಂಸಾರ ನಾಲ್ಕು ವರ್ಷ ನಮ್ಮಲ್ಲೇ ಇತ್ತು. ಆ ನಾಲ್ಕು ವರ್ಷವೂ ಹುಡುಗ ಶಾಲೆಯಿಂದ ಬರುವ ಹೊತ್ತಿಗೆ ಕೆಂಚ ತೋಟದ ದಣಪೆಯ ಬಳಿ ಹಾಜರ್.

ಮಗಳಿಗೆ ಇಂಗ್ಲೆಂಡಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತು. ಮನೆಯೆಲ್ಲ ಸಂಭ್ರಮ. ಒಂಬತ್ತು ವರ್ಷದ ಮೊಮ್ಮಗ ಮಾತ್ರ ಒಂದೇ ಮಾತು ಹೇಳಿದ: "ಕೆಂಚ ಬರುವುದಿಲ್ಲವಾದರೆ ನಾನೂ ಬರುವುದಿಲ್ಲ ಅಜ್ಜಿ." ಅತ್ತು ಕರೆದು ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವನು ಅಳಲಿಲ್ಲ. ಊಟ ಬಿಟ್ಟ.

ನಮ್ಮ ಯಜಮಾನರು, "ಒಂದು ಟಿಕೇಟು ಹೆಚ್ಚು ತೆಗೆದರಾಯಿತು, ಅದಕ್ಕೆಂತ?" ಅಂದರು. ಅಷ್ಟು ಸುಲಭ ಅಲ್ಲ ಎಂದು ಅಳಿಯ ಕಾಗದಪತ್ರಗಳ ಪಟ್ಟಿ ತೋರಿಸಿದಾಗ ಅವರಿಗೆ ಸಿಟ್ಟೇ ಬಂತು. "ಹಪ್ಪಳಕ್ಕೆ ಇಲ್ಲದ ತನಿಖೆ ನಾಯಿಗೆ ಯಾಕೆ? ನಮ್ಮ ನಾಯಿ ಎಂದರೆ ಇವರಿಗೆ ಅಷ್ಟು ಅಸಡ್ಡೆಯೋ?"

ನನಗೆ ಮಾತ್ರ ಆ ಪಟ್ಟಿ ಅತಿ ಅನಿಸಲಿಲ್ಲ. ಕಾರಣ ಹೇಳುತ್ತೇನೆ. ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ತವರಿನ ತೋಟಕ್ಕೆ ಕೆಲಸಕ್ಕೆ ಬರುತ್ತಿದ್ದವಳ ಮಗನಿಗೆ ನಾಯಿ ಕಚ್ಚಿತು. ನನ್ನದೇ ಪ್ರಾಯದ ಹುಡುಗ. ಮೀನಖಂಡದಲ್ಲಿ ಸಣ್ಣ ಗಾಯ. ಸುಣ್ಣ, ಅರಿಶಿನ ಹಚ್ಚಿದರು, ಗಾಯ ಮಾಯ್ದೂ ಹೋಯಿತು. ಎರಡು ತಿಂಗಳಾದ ಮೇಲೆ ಆ ಹುಡುಗನಿಗೆ ನೀರಿನ ಚೆಂಬು ಕಂಡರೆ ಗಂಟಲು ಸೆಟೆದುಕೊಳ್ಳಲು ಸುರುವಾಯಿತು. ಬಾಯಾರಿಕೆ ಬಾಯಾರಿಕೆ ಎಂದು ಅಳುತ್ತಾನೆ, ನೀರು ತಂದರೆ ಹೆದರಿ ಹಿಂದೆ ಸರಿಯುತ್ತಾನೆ. ನಾಲ್ಕನೇ ದಿನ ತೀರಿಕೊಂಡ. ಅವನ ತಾಯಿಯ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹುಚ್ಚುನಾಯಿ ರೋಗ, ಅಂದರೆ ರೇಬಿಸ್, ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕಿಸುವುದು ಹೆಚ್ಚುಕಡಿಮೆ ಅಸಾಧ್ಯ. ಲೋಕದಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದರಿಂದ ಸಾಯುತ್ತಾರೆಂದು ಅಂದಾಜು. ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ನಮ್ಮ ದೇಶದ್ದು. ಇಂಗ್ಲೆಂಡಿನವರು ಬೀದಿನಾಯಿಗಳನ್ನು ಹಿಡಿದು, ಸಾಕಿದ ನಾಯಿಗಳಿಗೆ ಬಾಯಿಕುಕ್ಕೆ ಕಡ್ಡಾಯ ಮಾಡಿ, ಹಡಗಿನಲ್ಲಿ ಬಂದ ಪ್ರಾಣಿಗಳನ್ನು ತಿಂಗಳುಗಟ್ಟಲೆ ಕೂಡಿಹಾಕಿ, 1922ರ ಹೊತ್ತಿಗೆ ಈ ರೋಗವನ್ನು ತಮ್ಮ ನಾಯಿಗಳಿಂದ ಓಡಿಸಿದರು. ಅಷ್ಟು ಕಷ್ಟಪಟ್ಟು ಗುಡಿಸಿದ ಅಂಗಳಕ್ಕೆ ಯಾರಾದರೂ ಕೆಸರು ಕಾಲಿನಲ್ಲಿ ಬಂದರೆ ನಾವಾದರೂ ಸುಮ್ಮನಿರುತ್ತೇವೆಯೆ? ಮೊದಲು ಅಲ್ಲಿಗೆ ಹೋದ ನಾಯಿ ಆರು ತಿಂಗಳು ಕ್ವಾರಂಟೈನಿನಲ್ಲಿ ಇರಬೇಕಿತ್ತು. ನಮ್ಮಂಥ ದೇಶಗಳಿಂದ ಹೋದವುಗಳಿಗೆ ಈ ಸೆರೆವಾಸ 2012ರಲ್ಲಷ್ಟೇ ತಪ್ಪಿತು. ಈಗ ಕಾಯುವ ಕೆಲಸವನ್ನು ನಮ್ಮ ಮನೆಯಲ್ಲೇ ಮುಗಿಸಿಕೊಂಡು ಹೋಗಬಹುದು.

ಇನ್ನು ಕ್ರಮ ಹೇಳುತ್ತೇನೆ, ಬೇಕಾದವರು ಬರೆದಿಟ್ಟುಕೊಳ್ಳಿ. ಇದರಲ್ಲಿ ಮುಖ್ಯವಾದದ್ದು ಒಂದರ ನಂತರ ಒಂದು ಎಂಬ ವರಸೆ. ಒಗ್ಗರಣೆಗೆ ಸಾಸಿವೆ ಸಿಡಿಯುವ ಮೊದಲೇ ಕರಿಬೇವು ಹಾಕಿದ ಹಾಗೆ ಮಾಡಿದರೆ ಇಲ್ಲಿ ಎಲ್ಲವೂ ಮೊದಲಿನಿಂದ.

ಮೊದಲನೆಯದು ಚಿಪ್. ಅಕ್ಕಿಕಾಳಿನಷ್ಟು ಗಾತ್ರದ ಒಂದು ಸಣ್ಣ ವಸ್ತುವನ್ನು ನಾಯಿಯ ಕತ್ತಿನ ಹಿಂದೆ ಚರ್ಮದಡಿಗೆ ಸೂಜಿಯಲ್ಲಿ ಸೇರಿಸುತ್ತಾರೆ. ಅದರಲ್ಲಿ ಹದಿನೈದು ಅಂಕೆಗಳ ಒಂದು ಸಂಖ್ಯೆ. ಓದುವ ಯಂತ್ರ ಹಿಡಿದರೆ ಸಂಖ್ಯೆ ಕಾಣುತ್ತದೆ. ನಾಯಿಗೆ ಅದೇ ಗುರುತಿನ ಚೀಟಿ. ಎರಡನೆಯದು ರೇಬಿಸ್ ಲಸಿಕೆ. ಇದು ಚಿಪ್ ಹಾಕಿದ ದಿನವೇ ಅಥವಾ ಅದರ ನಂತರ ಆಗಬೇಕು. ಕೆಂಚನಿಗೆ ವರ್ಷ ವರ್ಷವೂ ಲಸಿಕೆ ಹಾಕಿಸಿದ್ದೆವು. ಆದರೆ ಚಿಪ್ ಇಲ್ಲದಾಗ ಹಾಕಿಸಿದ್ದು ಅವರ ಲೆಕ್ಕಕ್ಕೆ ಬರುವುದಿಲ್ಲ. ಲಸಿಕೆ ಈ ನಾಯಿಗೇ ಬಿದ್ದದ್ದು ಎಂಬುದಕ್ಕೆ ಏನು ಖಾತ್ರಿ? ಆದ್ದರಿಂದ ಪುನಃ ಹಾಕಿಸಿದ್ದಾಯಿತು.

ಮೂರನೆಯದು ರಕ್ತಪರೀಕ್ಷೆ. ಲಸಿಕೆ ಹಾಕಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆದು, ಅವರು ಒಪ್ಪುವ ಪ್ರಯೋಗಾಲಯಕ್ಕೇ ಕಳಿಸಬೇಕು. ರೋಗನಿರೋಧಕ ಶಕ್ತಿ ಮಿಲಿಲೀಟರಿಗೆ 0.5 ಯೂನಿಟ್ಟಿಗೆ ಕಡಿಮೆಯಾಗಬಾರದು. ಅದು ಬಂದರೂ ಮುಗಿಯಲಿಲ್ಲ. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಯಾಕೆಂದರೆ ಲಸಿಕೆಗೆ ಮೊದಲೇ ರೋಗ ಒಳಗೆ ಹೊಕ್ಕಿದ್ದರೆ ಅದು ಹೊರಬೀಳಲು ಸಮಯ ಹಿಡಿಯುತ್ತದೆ. ಆ ಹುಡುಗನಿಗೆ ಎರಡು ತಿಂಗಳು ಹಿಡಿದದ್ದು ನನಗೆ ಗೊತ್ತಲ್ಲ.

ಹೀಗೆ ನಾಲ್ಕು ತಿಂಗಳು ಹೋಯಿತು. ಓಡಾಟ ಸೇರಿದರೆ ಐದು ಎಂದೇ ಹಿಡಿಯಿರಿ. ಕೊನೆಗೆ ಹೊರಡುವ ದಿನಗಳಲ್ಲಿ ಆರೋಗ್ಯ ಪ್ರಮಾಣಪತ್ರ. ಅದು ಕೈಗೆ ಬಂದು ಹತ್ತು ದಿನಗಳೊಳಗೆ ನಾಯಿ ಅಲ್ಲಿಗೆ ತಲುಪಬೇಕು. ತಲುಪುವುದಕ್ಕೆ 24 ಗಂಟೆಗಿಂತ ಕಡಿಮೆಯಲ್ಲದೆ, 120 ಗಂಟೆಗಿಂತ ಹೆಚ್ಚಲ್ಲದೆ ಮುಂಚಿತವಾಗಿ ಲಾಡಿಹುಳದ ಔಷಧಿಯನ್ನು ಪಶುವೈದ್ಯರೇ ಕೊಟ್ಟು, ಹೊತ್ತು ಸಮೇತ ಬರೆಯಬೇಕು. ನಮ್ಮ ದೇಶದ ಕಡೆಯಿಂದಲೂ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಇಲಾಖೆಯ ಒಪ್ಪಿಗೆ ಬೇಕು. ಆ ಇಲಾಖೆಯ ಕೇಂದ್ರ ಬೆಂಗಳೂರಿನಲ್ಲೇ ಇದೆ. ಇನ್ನೊಂದು ಮಾತು: ಯಜಮಾನ ಪ್ರಯಾಣ ಮಾಡಿದ ದಿನಕ್ಕೂ ನಾಯಿ ಹೋಗುವ ದಿನಕ್ಕೂ ಐದು ದಿನಗಳಿಗಿಂತ ಹೆಚ್ಚು ಅಂತರ ಇದ್ದರೆ ವ್ಯಾಪಾರದ ಪ್ರಾಣಿಗಳ ಬೇರೆ ನಿಯಮ ಬೀಳುತ್ತದೆ. ಹಾಗಾಗಿ ಮಗಳು ಆಟಿ ತಿಂಗಳಲ್ಲಿ ಮೊದಲು ಹೋದಳು; ಅಳಿಯ, ಮೊಮ್ಮಗ, ಕೆಂಚ ಮೂವರೂ ಡಿಸೆಂಬರಿನಲ್ಲಿ ಒಟ್ಟಿಗೆ ಹೊರಟರು. ಒಂದು ಕಾಗದ ತಪ್ಪಿದರೂ ನಾಯಿಯನ್ನು ಅಲ್ಲಿ ಕೂಡಿಹಾಕುತ್ತಾರೆ, ಇಲ್ಲವೆ ಹಿಂದೆ ಕಳಿಸುತ್ತಾರೆ. ಖರ್ಚು ನಮ್ಮದೇ.

ಇಂಗ್ಲೆಂಡು ಇಷ್ಟಕ್ಕೆ ಬಿಟ್ಟಿತು. ಜಪಾನಿಗಾದರೆ ರಕ್ತ ತೆಗೆದ ಮೇಲೆ 180 ದಿನ ಕಾಯಬೇಕು. ಆಸ್ಟ್ರೇಲಿಯಾ ನಮ್ಮ ದೇಶದಿಂದ ನೇರವಾಗಿ ನಾಯಿಯನ್ನು ಬಿಟ್ಟುಕೊಳ್ಳುವುದೇ ಇಲ್ಲ. ಅವರು ಒಪ್ಪಿದ ಬೇರೊಂದು ದೇಶದಲ್ಲಿ ಇದ್ದು ಹೋಗಬೇಕು. 2015ರಲ್ಲಿ ಹಾಲಿವುಡ್ಡಿನ ನಟ ಜಾನಿ ಡೆಪ್ ದಂಪತಿಗಳು ಎರಡು ಪುಟ್ಟ ನಾಯಿಗಳನ್ನು ಸ್ವಂತ ವಿಮಾನದಲ್ಲಿ ಸದ್ದಿಲ್ಲದೆ ಅಲ್ಲಿಗೆ ಕರೆದೊಯ್ದಾಗ, ಹಿಂದೆ ಕಳಿಸದಿದ್ದರೆ ಅವುಗಳನ್ನು ಕೊಲ್ಲಬೇಕಾದೀತೆಂದು ಅಲ್ಲಿನ ಮಂತ್ರಿಗಳು ಗದರಿಸಿದ್ದನ್ನು ನೀವೂ ಓದಿರಬಹುದು. ನಾಯಿಗಳು ಮರಳಿದವು, ಮರುವರ್ಷ ಡೆಪ್ ಅವರ ಹೆಂಡತಿ ನ್ಯಾಯಾಲಯದಲ್ಲಿ ನಿಲ್ಲಬೇಕಾಯಿತು. ನಿಯಮಕ್ಕೆ ದೊಡ್ಡವರು ಸಣ್ಣವರೆಂಬ ಭೇದ ಇಲ್ಲ ಎಂದು ನಮ್ಮ ಯಜಮಾನರಿಗೆ ಇದನ್ನೇ ಹೇಳಿದೆ. ಅವರ ಸಿಟ್ಟು ಸ್ವಲ್ಪ ಇಳಿಯಿತು.

ಕಾಗದದ ಕೆಲಸ ಅಳಿಯನದ್ದು. ನಾಯಿಯ ಮನಸ್ಸಿನ ಕೆಲಸ ನನ್ನದು. ಇಂಗ್ಲೆಂಡಿಗೆ ನಾಯಿ ವಿಮಾನದಲ್ಲಿ ಮಡಿಲಲ್ಲಿ ಕೂತು ಹೋಗುವ ಹಾಗಿಲ್ಲ, ಸರಕಿನ ಭಾಗದಲ್ಲೇ ಹೋಗಬೇಕು. ನಿಲ್ಲಲು, ತಿರುಗಲು, ಮಲಗಲು ಆಗುವಷ್ಟು ದೊಡ್ಡ ಪೆಟ್ಟಿಗೆ ಬೇಕು. ಹುಟ್ಟಿದಂದಿನಿಂದ ಸರಪಳಿ ಕಾಣದ ತೋಟದ ನಾಯಿ ಪೆಟ್ಟಿಗೆಯೊಳಗೆ ಕೂರುತ್ತದೆಯೆ? ಮೂರು ತಿಂಗಳು ಮುಂಚೆಯೇ ಪೆಟ್ಟಿಗೆ ತಂದು ಜಗಲಿಯಲ್ಲಿಟ್ಟೆ. ಮೊದಲು ಬಾಗಿಲು ತೆಗೆದಿಟ್ಟು ಅದರೊಳಗೇ ಊಟ. ಆಮೇಲೆ ಊಟ ಮುಗಿಯುವ ತನಕ ಬಾಗಿಲು ಹಾಕಿದೆ. ಆಮೇಲೆ ಒಂದು ಗಂಟೆ, ಮತ್ತೆ ಒಂದು ರಾತ್ರಿ. ನಿದ್ದೆಯ ಔಷಧಿ ಕೊಟ್ಟು ಕಳಿಸುವ ಯೋಚನೆ ಮಾಡಲೇಬೇಡಿ. ಆಕಾಶದಲ್ಲಿ ಉಸಿರಾಟಕ್ಕೆ ಅಪಾಯ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದರು. ಹೊರಡುವ ದಿನ ನನ್ನ ಹಳೆಯ ಸೀರೆಯೊಂದನ್ನು ಒಗೆಯದೆ ಮಡಚಿ ಪೆಟ್ಟಿಗೆಯಲ್ಲಿ ಹಾಸಿದೆ. ಮನೆಯ ವಾಸನೆ ಜೊತೆಗಿದ್ದರೆ ಪ್ರಾಣಿಗೆ ಧೈರ್ಯ.

"ಬೊಳ್ಳಿಯನ್ನೂ ಕಳಿಸಬಹುದಿತ್ತಲ್ಲ?" ಎಂದು ಪಕ್ಕದ ಮನೆಯ ಅಕ್ಕ ಕೇಳಿದರು. ಮೊಮ್ಮಗನೂ ಕೇಳಿದ್ದ. ಹಣದ ಮಾತು ಬದಿಗಿರಲಿ, ಅದು ಲಕ್ಷದ ಲೆಕ್ಕ. ನಾನು ಬೊಳ್ಳಿಯ ಕಡೆಯಿಂದ ಯೋಚಿಸಿದೆ. ಪ್ರಾಯ ಹನ್ನೊಂದು, ಕಣ್ಣು ಮಂಜು, ಹಿಂಗಾಲಿನಲ್ಲಿ ನೋವು. ಪೆಟ್ಟಿಗೆಯಲ್ಲಿ ಅಷ್ಟು ಹೊತ್ತು, ಹೋದಲ್ಲಿ ಚಳಿ, ಮನೆಯವರೆಲ್ಲ ಹಗಲು ಹೊರಗೆ. ತೋಟದ ಮೂಲೆ ಮೂಲೆಯನ್ನು ಮೂಗಿನಿಂದಲೇ ಬಲ್ಲವಳಿಗೆ ಅಲ್ಲಿ ಏನುಂಟು? ಕೆಂಚನಿಗೆ ನಾಲ್ಕೇ ವರ್ಷ, ಅವನಿಗೆ ಹುಡುಗ ಇದ್ದಲ್ಲೇ ಮನೆ. ಬೊಳ್ಳಿಗೆ ಮನೆ ಇದ್ದಲ್ಲೇ ಮನೆ. ನಿಮ್ಮ ಮನೆಯಲ್ಲಿ ಈ ಪ್ರಶ್ನೆ ಬಂದಾಗ ನಮಗೆ ಬಿಟ್ಟಿರಲು ಆಗುತ್ತದೆಯೇ ಎಂದು ಮಾತ್ರ ಕೇಳಿಕೊಳ್ಳಬೇಡಿ. ಅದಕ್ಕೆ ಅಲ್ಲಿ ಹಗಲು ಹೇಗೆ ಕಳೆಯುತ್ತದೆ, ಬಾಡಿಗೆ ಮನೆಯವರು ನಾಯಿಯನ್ನು ಒಪ್ಪುತ್ತಾರೆಯೇ, ಅದನ್ನೂ ಕೇಳಿ. ಬಿಟ್ಟುಹೋಗುವುದಾದರೆ ಹೆಸರು ಹಿಡಿದು ಒಬ್ಬರಿಗೆ ಒಪ್ಪಿಸಿ ಹೋಗಿ. ರಸ್ತೆಬದಿಗೆ ಬಿಟ್ಟು ಹೋಗುವ ಪಾಪ ಬೇಡ.

ಕೆಂಚ ಲಂಡನ್ನಿನ ವಿಮಾನನಿಲ್ದಾಣದಲ್ಲಿ ಇಳಿದು, ಅಲ್ಲಿನ ಪ್ರಾಣಿ ಕೇಂದ್ರದಲ್ಲಿ ಚಿಪ್ಪು, ಕಾಗದ ಎಲ್ಲ ತಾಳೆಯಾಗಿ ಹೊರಬಂದಾಗ ನನ್ನ ಸೀರೆಯನ್ನು ಬಾಯಲ್ಲಿ ಕಚ್ಚಿಕೊಂಡೇ ಬಂದನಂತೆ. ಮೊಮ್ಮಗ ಫೋನಿನಲ್ಲಿ ಹೇಳಿದ. ಇಲ್ಲಿ ಬೊಳ್ಳಿ ಒಂದು ವಾರ ದಣಪೆಯ ಬಳಿ ಹೋಗಿ ನಿಂತು ಬರುತ್ತಿದ್ದಳು. ಈಗ ನನ್ನ ಕಾಲ ಬುಡದಲ್ಲೇ ಮಲಗುತ್ತಾಳೆ.

ಕೊನೆಗೊಂದು ಮಾತು ಸೋದರಿಯರೇ, ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು. ಪರದೇಶದ ಮಕ್ಕಳಿಗೆ ರೋಗ ತಾಗಬಾರದೆಂದು ಕೆಂಚನಿಗೆ ಇಷ್ಟೆಲ್ಲ ಮಾಡಿಸಿದೆವು. ನಮ್ಮ ಅಂಗಳದಲ್ಲಿ ಆಡುವ ಮಕ್ಕಳೇನು ಕಡಿಮೆಯೆ? ಒಂದು ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ವರ್ಷ ವರ್ಷವೂ ಲಸಿಕೆ ಬಿದ್ದರೆ ಈ ರೋಗ ಹರಡುವ ದಾರಿಯೇ ಮುಚ್ಚುತ್ತದೆ ಎನ್ನುತ್ತಾರೆ ತಿಳಿದವರು. ಮನೆಯ ನಾಯಿಗೂ, ನೀವು ಅನ್ನ ಹಾಕುವ ಬೀದಿಯ ನಾಯಿಗೂ ಹಾಕಿಸಿ. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಸಮಯಕ್ಕೆ ಶಿಬಿರ ಇಡುವಂತೆ ಪಂಚಾಯತಿನವರನ್ನೂ ಪಶು ಆಸ್ಪತ್ರೆಯವರನ್ನೂ ನಾಲ್ಕು ಹೆಂಗಸರು ಸೇರಿ ಕೇಳಿ, ಇಲ್ಲ ಎನ್ನುವುದು ಕಷ್ಟ. ಯಾರಿಗಾದರೂ ನಾಯಿ ಕಚ್ಚಿದರೆ ಸುಣ್ಣ, ಅರಿಶಿನ, ಮೆಣಸಿನಪುಡಿ ಯಾವುದೂ ಬೇಡ. ಸೋಪು ಹಾಕಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ಗಾಯ ತೊಳೆಯಿರಿ. ಗಾಯ ಸಣ್ಣದೆಂದು ಬಿಡದೆ ಅಂದೇ ಆಸ್ಪತ್ರೆಗೆ ಹೋಗಿ, ಅವರು ಹೇಳಿದ ಅಷ್ಟೂ ದಿನ ತಪ್ಪದೆ ಇಂಜೆಕ್ಷನ್ ಹಾಕಿಸಿಕೊಳ್ಳಿ.

ಬೊಳ್ಳಿ ಎಲ್ಲಿಗೂ ಹೋಗುವವಳಲ್ಲ. ಆದರೂ ಅವಳ ಮುಂದಿನ ಲಸಿಕೆಯ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿದ್ದೇನೆ. ನೀವೂ ಮಾಡಿ.