ಮತ್ತದೇ ಗೋಪುರ

ನನ್ನ ಕೈಯಲ್ಲಿ ಸೂಜಿ ಕಂಡವರು ಕೇಳುವುದು ಎರಡೇ ಪ್ರಶ್ನೆ. "ಇದನ್ನ ಎಷ್ಟಕ್ಕ ಮಾರ್ತೀರಿ?" ಮೊದಲನೆಯದು. ಮಾರೂದಿಲ್ರಿ ಅಂದರೆ, "ಹಂಗಾದ್ರ ಮುಂದ ಏನು ದೊಡ್ಡದು ಹಾಕಾವ್ರು?" ಎರಡನೆಯದು. ಮಾರದವಳು ಬೆಳೆಯಲಾದರೂ ಬೇಕು, ಬೆಳೆಯದವಳು ಮಾರಲಾದರೂ ಬೇಕು. ಎರಡೂ ಇಲ್ಲದೆ ಒಬ್ಬ ಹೆಂಗಸು ಪಡಸಾಲೆಯಲ್ಲಿ ಕೂತು ವರ್ಷಗಟ್ಟಲೆ ಅದೇ ಗೋಪುರ, ಅದೇ ತುಳಸಿಕಟ್ಟೆ, ಅದೇ ನವಿಲು ಹಾಕುತ್ತಿದ್ದಾಳೆಂದರೆ ಆಕೆಗೆ ಎಲ್ಲೋ ಏನೋ ಕಡಿಮೆಯಾಗಿರಬೇಕು ಎಂದು ಧಾರವಾಡದಂಥ ನಿಧಾನದ ಊರಿಗೂ ಈಚೆಗೆ ಅನ್ನಿಸತೊಡಗಿದೆ.

ನಮ್ಮ ಕಡೆಯ ಕಸೂತಿಯಲ್ಲಿ ಹೊಲಿಗೆ ನಾಲ್ಕೇ: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿ ನೆಟ್ಟಗಿನ ಗೆರೆ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಅಂಕುಡೊಂಕು. ನೇಗಿ ಹಾಕಿದರೆ ಚಿತ್ರ ಮಗ್ಗದ ಮೇಲೇ ನೇಯ್ದು ಬಂದಿತೇನೋ ಅನ್ನಿಸಬೇಕು. ಮೆಂತಿಯಲ್ಲಿ ದಾರದ ಮೇಲೆ ದಾರ ಅಡ್ಡ ಬೀಳುತ್ತದೆ. ಜಾಗ ತುಂಬುತ್ತದೆ, ದಾರವನ್ನೂ ನುಂಗುತ್ತದೆ. ಐದನೆಯದನ್ನು ಯಾರೂ ಸೇರಿಸಲಿಲ್ಲ, ಅದಿಲ್ಲವೆಂದು ಯಾವ ಸೀರೆಯೂ ಬಡವಾಗಲಿಲ್ಲ. ತೇರು, ಪಲ್ಲಕ್ಕಿ, ಅಂಬಾರಿ ಹೊತ್ತ ಆನೆ, ನಂದಿ, ತೊಟ್ಟಿಲು ಎಲ್ಲ ಈ ನಾಲ್ಕರಲ್ಲೇ ಎದ್ದು ನಿಂತಿವೆ.

ಕಟ್ಟಳೆಗಳೂ ಅಷ್ಟೇ ಬಿಗಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಹಾಸು ಹೊಕ್ಕಿನ ಎಳೆ ಎಣಿಸಿಯೇ ಸೂಜಿ ಇಳಿಸಬೇಕು. ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಗವಂತಿ ಮತ್ತು ಮುರ್ಗಿಯಲ್ಲಿ ಬಟ್ಟೆಯ ಒಳಮೈ ಹೊರಮೈ ಒಂದೇ ಆಗಿ ಕಾಣಬೇಕು. ಕೆಲಸ ತಿಳಿದ ಹಿರಿಯರು ಹೊಸ ಸೀರೆ ಕೈಗೆ ಬಂದರೆ ಮೊದಲು ಸೆರಗನ್ನು ಹೊರಳಿಸಿ ಹಿಂದಿನ ಮೈ ನೋಡುತ್ತಾರೆ. ಮುಂದಿನ ಮೈ ನೋಡಿ ಹೊಗಳುವವರು ಬೇಕಾದಷ್ಟು ಜನ ಇದ್ದಾರೆ, ಆ ಕೆಲಸ ಅವರಿಗೇ ಬಿಟ್ಟದ್ದು.

ಇಳಕಲ್ ಸೀರೆಯ ಕಪ್ಪು ಒಡಲಿನ ಮೇಲೆ ಎಳೆ ಎಣಿಸುವುದಕ್ಕೆ ಟ್ಯೂಬ್‌ಲೈಟು ಸಾಲದು, ಬೆಳಗಿನ ಹಗಲೇ ಬೇಕು. ತೊಡೆಯ ಮೇಲೆ ಮೊದಲೊಂದು ಬಿಳಿ ಪಂಜೆ ಹಾಸಿಕೊಂಡು ಅದರ ಮೇಲೆ ಸೀರೆ ಇಟ್ಟರೆ, ಎಳೆಗಳ ನಡುವಿನ ಸಂದಿಯಲ್ಲಿ ಬಿಳುಪು ಇಣುಕಿ ಎಣಿಕೆ ಸುಲಭವಾಗುತ್ತದೆ. ಅಂಗಡಿಯಲ್ಲಿ ಸಿಗುವ ಎಂಟು ಮೀಟರಿನ ದಾರದ ಲಡಿಯಲ್ಲಿ ಆರು ಎಳೆ ಹೊಸೆದಿರುತ್ತವೆ. ಬಿಡಿಸಿ ಒಂದೋ ಎರಡೋ ಎಳೆ ಪೋಣಿಸಿಕೊಂಡರೆ ಸಾಕು. ರೇಷ್ಮೆಯಂಥ ಸಣ್ಣ ನೂಲಿನ ಬಟ್ಟೆಯಾದರೆ ಮೇಲೊಂದು ಜಾಳಿಗೆ ಬಟ್ಟೆ ಟಾಚಿಸಿ, ಅದರ ಕಣ್ಣು ಎಣಿಸುತ್ತ ಹಾಕಿ, ಮುಗಿದ ಮೇಲೆ ಜಾಳಿಗೆಯ ನೂಲನ್ನು ಒಂದೊಂದಾಗಿ ಹಿರಿದು ತೆಗೆಯಬೇಕು. ಹಿರಿಯುವ ಆ ಕೆಲಸ ಅನೇಕರಿಗೆ ಬೇಜಾರು. ನನಗೆ ಅದೊಂದು ಹಬ್ಬ. ಆಸರೆಯೆಲ್ಲ ಕಿತ್ತು ಬಂದ ಮೇಲೂ ನವಿಲು ತನ್ನ ಕಾಲ ಮೇಲೆ ನಿಂತಿರುತ್ತದೆ.

ಆದರೆ ನನ್ನ ಜೀವ ಇರುವುದು ಗವಂತಿಯಲ್ಲಿ. ಸೂಜಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಹೋಗುವಾಗ ಒಂದು ಬಿಟ್ಟು ಒಂದು ಗೆರೆ ಮೇಲೆ ಮೂಡುತ್ತದೆ, ಉಳಿದ ಗೆರೆಗಳು ಬಟ್ಟೆಯ ಹಿಂದೆ ಬೀಳುತ್ತವೆ. ಕವಲು ಬಂದರೆ ಅದರ ತುದಿಯವರೆಗೂ ಹೋಗಿ, ಬಂದ ತೂತುಗಳಲ್ಲೇ ಹಿಂದಿರುಗಿ, ಮತ್ತೆ ಮೊದಲ ದಾರಿ ಹಿಡಿಯಬೇಕು. ಗೋಪುರದ ಕಳಸ ಅಂಥದೊಂದು ತುದಿ. ಅಲ್ಲಿಗೆ ಮುಟ್ಟಿದಾಗ ಕೆಲಸ ಸರಿಯಾಗಿ ಅರ್ಧ ಆಗಿರುತ್ತದೆ. ಕಾಣುವುದು ಬರೀ ತುಂಡು ಗೆರೆಗಳು. ಗೋಪುರ ಇನ್ನೂ ಆಗಿಲ್ಲ. ಇಳಿಯುತ್ತ ಬಂದಾಗಲೇ ಬಿಟ್ಟ ಸಂದುಗಳು ಒಂದೊಂದಾಗಿ ಕೂಡಿಕೊಳ್ಳುತ್ತವೆ, ಹಿಂದಿನ ಮೈಯಲ್ಲೂ ಅದೇ ಗೋಪುರ ತಾನಾಗಿ ಎದ್ದಿರುತ್ತದೆ.

ಇದರಲ್ಲಿ ಹಾಕುವವರಿಗೆ ಮಾತ್ರ ಗೊತ್ತಿರುವ ಸುಖವೊಂದಿದೆ. ಹೋಗುವಾಗ ಪ್ರತಿ ಎಳೆಗೂ ಎಣಿಕೆ. ಒಂದು ಎಳೆ ಜಾರಿದರೆ ಮೇಲಿನ ಅಂತಸ್ತೆಲ್ಲ ವಾಲುತ್ತದೆ. ಯಾರಾದರೂ ಮಾತಾಡಿಸಿದರೆ ಕೈಯೆತ್ತಿ ತಡೆಯಬೇಕಾಗುತ್ತದೆ. ಬರುವಾಗ ಎಣಿಕೆಯೇ ಬೇಡ. ತೂತು ಸಿದ್ಧವಿದೆ, ಸಂದು ಕಣ್ಣಿಗೆ ಕಾಣುತ್ತದೆ, ಕೈಗೆ ದಾರಿ ಗೊತ್ತು. ಕೆಲಸ ನಿಂತಿಲ್ಲ, ಲೆಕ್ಕ ಮಾತ್ರ ನಿಂತಿದೆ. ತೃಪ್ತಿ ಅಂದರೆ ಕೈಕಟ್ಟಿ ಕೂರುವುದೆಂದು ತಿಳಿದವರಿಗೆ ಈ ಇಳಿತವನ್ನು ತೋರಿಸಬೇಕು ಅನ್ನಿಸುತ್ತದೆ. ಸೂಜಿ ಏರುವಾಗಿನಷ್ಟೇ ಚುರುಕಾಗಿ ಓಡುತ್ತಿರುತ್ತದೆ. ಎಷ್ಟಾಯಿತು, ಎಷ್ಟು ಉಳಿಯಿತು ಎಂಬ ಗುಣುಗುಣು ಒಂದೇ ಅಡಗಿರುತ್ತದೆ.

ಈ ಹೊಲಿಗೆ ನಮ್ಮೊಬ್ಬರದೇ ಅಲ್ಲ. ಇಂಗ್ಲೆಂಡಿನ ಎಂಟನೆಯ ಹೆನ್ರಿಯ ಆಸ್ಥಾನದಲ್ಲಿ ಹಾನ್ಸ್ ಹೋಲ್ಬೈನ್ ಎಂಬ ಚಿತ್ರಕಾರನಿದ್ದ, 1543ರಲ್ಲಿ ತೀರಿಕೊಂಡ. ಅವನು ಬರೆದ ರಾಣಿ ಜೇನ್ ಸೀಮೋರಳ ಚಿತ್ರ ವಿಯೆನ್ನಾದ ಸಂಗ್ರಹಾಲಯದಲ್ಲಿದೆ. ಅವಳ ತೋಳಿನ ತುದಿಯ ನಿರಿಗೆಯಲ್ಲಿ ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದ ಸಣ್ಣ ಕೆಲಸ ಎದ್ದು ಕಾಣುತ್ತದೆ. ಅವನು ಇಂಥ ಕುಸುರಿಯನ್ನು ಅಷ್ಟು ನಿಖರವಾಗಿ ಬರೆದದ್ದಕ್ಕೆ, ಹೋಗಿ ಬಂದು ಗೆರೆ ಕೂಡಿಸುವ ಈ ಹೊಲಿಗೆಯನ್ನು ಅಲ್ಲಿನವರು ಇಂದಿಗೂ ಹೋಲ್ಬೈನ್ ಹೊಲಿಗೆ ಅನ್ನುತ್ತಾರೆ. ನಿರಿಗೆ ಅಲುಗಿದರೆ ಒಳಮೈಯೂ ಕಾಣುತ್ತದೆ, ಆದ್ದರಿಂದ ಎರಡೂ ಕಡೆ ಚೆಂದವಿರಬೇಕು. ತಲೆಯ ಮೇಲೆ ಹೊದ್ದ ನಮ್ಮ ಸೆರಗಿನ ಹಣೆಬರಹವೂ ಅದೇ. ಅರಮನೆಯ ತೋಳಿಗೂ ಹೊಲಕ್ಕೆ ಬುತ್ತಿ ಒಯ್ಯುವವಳ ಸೆರಗಿಗೂ ಸೂಜಿಯೊಂದು ಒಂದೇ ಉಪಾಯ ಹೇಳಿಕೊಟ್ಟಿದೆ ಎಂಬುದು ನನಗೆ ಬಹಳ ಸೇರಿದ ಸಂಗತಿ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ತಂಗಿಯ ಮಗಳು ರಜೆಗೆ ಬಂದಾಗ ಪಕ್ಕದಲ್ಲಿ ಕೂತು ನೋಡುತ್ತಾಳೆ.

"ಟಾರ್ಗೆಟ್ ಇಲ್ಲದ ಹೆಂಗ ಇರ್ತಿ ದೊಡ್ಡವ್ವ? ನಮಗ ಮೂರು ತಿಂಗಳಿಗೊಮ್ಮೆ ಬರದು ಕೊಡಬೇಕು."

"ನನಗೂ ಐತವ್ವ. ಊಟಕ್ಕ ಏಳೂದ್ರಾಗ ಈ ಕಳಸ ಇಳೀಬೇಕು."

ಎಳೆ ಎಣಿಸಲು ಸುಲಭವಾದ ಮಟ್ಟಿ ಬಟ್ಟೆಯ ತುಂಡೊಂದನ್ನು ಅವಳ ಕೈಗೆ ಕೊಟ್ಟೆ. ಏರುವಾಗ ಹಣೆ ಗಂಟಿಕ್ಕಿ ಗಟ್ಟಿಯಾಗಿ ಎಣಿಸಿದಳು. ಇಳಿಯುವಾಗ ಆಫೀಸಿನ ಸುದ್ದಿ ಶುರುವಾಯಿತು: ಯಾರಿಗೆ ಪ್ರಮೋಷನ್ ಸಿಕ್ಕಿತು, ಯಾರು ಕೆಲಸ ಬಿಟ್ಟರು, ತನಗೆ ಯಾಕೆ ರಾತ್ರಿ ನಿದ್ದೆ ಬರುವುದಿಲ್ಲ. ಬುಡಕ್ಕೆ ಬಂದದ್ದು ಅವಳಿಗೆ ಗೊತ್ತೇ ಆಗಲಿಲ್ಲ. "ಮುಗೀತಾ?" ಅಂದಳು. ಮುಗಿದಿತ್ತು.

ಹಾಗೆಂದು ಈ ತೃಪ್ತಿಯನ್ನು ಎಲ್ಲರಿಗೂ ಉಪದೇಶ ಮಾಡಲು ನಾಲಿಗೆ ಏಳುವುದಿಲ್ಲ. ಹುಬ್ಬಳ್ಳಿ ಧಾರವಾಡದ ಓಣಿಗಳಲ್ಲಿ, ಸುತ್ತಲ ಹಳ್ಳಿಗಳಲ್ಲಿ ಕೂಲಿಗೆ ಕಸೂತಿ ಹಾಕುವ ಹೆಣ್ಣುಮಕ್ಕಳಿದ್ದಾರೆ. ಅವರ ಗೋಪುರ ನನ್ನದಕ್ಕಿಂತ ನೆಟ್ಟಗೆ ನಿಲ್ಲುತ್ತದೆ. ಅವರಿಗೆ ಎಣಿಕೆ ಏರುವಾಗಲೂ ಇದೆ, ಇಳಿಯುವಾಗಲೂ ಇದೆ: ಒಂದು ಸೀರೆಗೆ ಎಷ್ಟು ದಿನ, ದಿನಕ್ಕೆ ಎಷ್ಟು ರೂಪಾಯಿ, ಕಣ್ಣು ಇನ್ನೆಷ್ಟು ವರ್ಷ. ಈ ಕಸೂತಿಗೆ ಭೌಗೋಳಿಕ ಸೂಚಿಯ ಮುದ್ರೆ ಸಿಕ್ಕಿದ್ದು ಒಳ್ಳೆಯದೇ. ಆ ಮುದ್ರೆಯ ಬೆಲೆ ಅವರ ಕೈಗೂ ಇಳಿಯಬೇಕು. ಇದ್ದುದರಲ್ಲೇ ಸುಖವಾಗಿರಿ ಎಂದು ಅವರಿಗೆ ಹೇಳುವವನು ಸಂತನಾಗಿರಲಿಕ್ಕಿಲ್ಲ, ದಲ್ಲಾಳಿಯಾಗಿದ್ದಾನು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯ ಮೇಲೂ ನನಗೆ ಇದೇ ಗುಮಾನಿ. ಮುದುಡಿಕೊಂಡು ಮಲಗಿದವರಿಗೆ ಬೇಕಾದದ್ದು ನೀತಿಯಲ್ಲ, ಉದ್ದದ ಹಾಸಿಗೆ. ನನ್ನ ಹಾಸಿಗೆ ಕಾಲಿಗೆ ಸಾಲುವಷ್ಟಿದೆ. ನಾನು ಹೇಳುತ್ತಿರುವುದು, ಸಾಲುವಷ್ಟು ಇದ್ದ ಮೇಲೂ ಎದ್ದು ಎದ್ದು ಅಳತೆ ಹಿಡಿಯುವ ನಮ್ಮಂಥವರ ಮಾತು.

ನನಗೂ ಆಸೆ ಸತ್ತಿಲ್ಲ. ಪ್ರದರ್ಶನಗಳಲ್ಲಿ ಒಡಲ ತುಂಬ ತೇರು ಎಳೆದ ಸೀರೆ ಕಂಡರೆ ಬೆರಳು ತುರಿಸುತ್ತವೆ. ಹುಬ್ಬಳ್ಳಿಯ ದುರ್ಗದ ಬೈಲಿನ ಅಂಗಡಿಯಲ್ಲಿ ಮಷೀನಿನ ಕಸೂತಿ ಗಂಟೆಗಿಷ್ಟು ಎಂದು ಉದುರುವುದನ್ನು ಕಂಡರೆ ಒಂದು ಗಳಿಗೆ ಎದೆ ಅಳುಕುತ್ತದೆ; ಮರುಗಳಿಗೆ ಕೈ ತಾನಾಗಿ ಸೆರಗು ಹೊರಳಿಸಿ, ಹಿಂದಿನ ನೂಲಿನ ಗೋಜಲು ಕಂಡು ಸಮಾಧಾನ ಪಟ್ಟುಕೊಳ್ಳುತ್ತದೆ. ಇನ್ನೂ ಬೇಕು ಅನ್ನುವ ಮನಸ್ಸನ್ನು ಕೊಲ್ಲುವುದು ನನ್ನಿಂದಾಗದು, ಆಗಬೇಕೆಂದೂ ಇಲ್ಲ. ಅದರ ಮುಖವನ್ನು ಮಾತ್ರ ಅಗಲದಿಂದ ಆಳಕ್ಕೆ ತಿರುಗಿಸಿದ್ದೇನೆ. ಹೊಸ ಚಿತ್ರ ಬೇಡ, ಈ ಕಳಸದ ಮೂಲೆ ಇನ್ನಷ್ಟು ಚೂಪಾಗಲಿ. ದೊಡ್ಡ ಸೀರೆ ಬೇಡ, ದಾರದ ಬಿಗಿತ ಮೊದಲಿನಿಂದ ಕೊನೆಯವರೆಗೆ ಒಂದೇ ಇರಲಿ. ದಾರ ಶುರುವಾದ ಜಾಗ ಹುಡುಕಿದರೂ ಸಿಗದ ಹಾಗೆ ಅದರ ತುದಿ ಹೊಲಿಗೆಯೊಳಗೆ ಅಡಗಿ ಹೋಗಲಿ. ಇಷ್ಟಕ್ಕೇ ಒಂದು ಆಯುಷ್ಯ ಸಾಲದು. ಇದನ್ನೂ ದುರಾಸೆ ಅನ್ನುವುದಾದರೆ ಒಪ್ಪಿದೆ.

ಕಲಿಯುವ ಮನಸ್ಸಿದ್ದವರು ಒಂದು ತುಂಡು ಮಟ್ಟಿ ಬಟ್ಟೆ, ಒಂದು ಲಡಿ ದಾರ, ಮೊನೆ ಮೊಂಡಾದ ಸೂಜಿ ತನ್ನಿ. ಮೊದಲ ದಿನ ಪುಟ್ಟದೊಂದು ಗೋಪುರ ಹಾಕೋಣ. ಮಾರನೆಯ ದಿನ ಏನು ಹಾಕುವುದೆಂದು ಕೇಳಬೇಡಿ. ಅದೇ ಗೋಪುರ, ಎರಡು ಎಳೆ ಆಚೆಗೆ.